ಮಾಗಡಿ ರಸ್ತೆಯಲ್ಲಿ ಹೊರಟು ಮೈಸೂರು ರಸ್ತೆಯಲ್ಲಿ ಮರಳುವ ಸಾವನದುರ್ಗದ ಸುತ್ತು

ಬೆಂಗಳೂರು: ನಗರದ ಪಶ್ಚಿಮ ಭಾಗದ ವಿಜಯನಗರ ಬಡಾವಣೆಯು ಎರಡು ಹಳೆಯ ರಸ್ತೆಗಳ ನಡುವೆ ನೆಲೆಸಿದೆ. ಉತ್ತರಕ್ಕೆ ಮಾಗಡಿ ರಸ್ತೆ, ದಕ್ಷಿಣಕ್ಕೆ ಮೈಸೂರು ರಸ್ತೆ. ಈ ಎರಡೂ ರಸ್ತೆಗಳನ್ನು ಪಶ್ಚಿಮದಲ್ಲಿ ಜೋಡಿಸುವ ಹಳ್ಳಿದಾರಿಯಲ್ಲಿ ಒಂದು ಕಾಡು, ಒಂದು ಬೃಹತ್ ಏಕಶಿಲಾ ಬೆಟ್ಟ, ಎರಡು ಜಲಾಶಯಗಳು ಹಾಗೂ ನಾಲ್ಕು ಶತಮಾನಗಳಷ್ಟು ಹಳೆಯದೆಂದು ಹೇಳಲಾಗುವ ಒಂದು ಆಲದ ಮರ ಇವೆ. ಬೆಳಿಗ್ಗೆ ಒಂದು ರಸ್ತೆಯಲ್ಲಿ ಹೊರಟು ಸಂಜೆ ಇನ್ನೊಂದು ರಸ್ತೆಯಲ್ಲಿ ಮನೆ ಸೇರಬಹುದಾದ ಈ ಸುತ್ತಿನ ಒಟ್ಟು ದೂರ ಸುಮಾರು 100 ಕಿ.ಮೀ. ಊರಿಂದೂರಿಗೆ ವಾಹನ ಅವಶ್ಯ. ಆದರೆ ಬೆಟ್ಟದಲ್ಲಿ ಕಾಲ್ನಡಿಗೆಯೇ ಗತಿ.

ಮಾಗಡಿ ರಸ್ತೆಯಿಂದ ಆರಂಭಿಸುವುದೇ ಲೇಸು. ಸಾವನದುರ್ಗದ ಬಂಡೆಯು ಮಧ್ಯಾಹ್ನದ ಹೊತ್ತಿಗೆ ಕಾದ ಹೆಂಚಿನಂತಾಗುತ್ತದೆ. ಬೆಟ್ಟವನ್ನು ತಂಪು ಹೊತ್ತಿನಲ್ಲಿ ಹತ್ತಿ, ಇಳಿಹೊತ್ತಿನಲ್ಲಿ ಆಲದ ನೆರಳಿಗೆ ಬರುವುದು ಅನುಭವಿಗಳ ಕ್ರಮ.

ತಿಪ್ಪಗೊಂಡನಹಳ್ಳಿ: ನಗರ ಮರೆತ ಜಲಾಶಯ

ಮಾಗಡಿ ರಸ್ತೆಯಲ್ಲಿ ತಾವರೆಕೆರೆಯನ್ನು ದಾಟಿ ಮುಂದೆ ಸಾಗಿದರೆ ಅರ್ಕಾವತಿ ಕಣಿವೆ ಎದುರಾಗುತ್ತದೆ. ನಂದಿಬೆಟ್ಟದಲ್ಲಿ ಹುಟ್ಟುವ ಅರ್ಕಾವತಿ ಹಾಗೂ ಶಿವಗಂಗೆಯ ಕಡೆಯಿಂದ ಹರಿದು ಬರುವ ಕುಮುದ್ವತಿ ನದಿಗಳ ಸಂಗಮದ ಬಳಿ 1933ರಲ್ಲಿ ತಿಪ್ಪಗೊಂಡನಹಳ್ಳಿ ಜಲಾಶಯ ನಿರ್ಮಾಣವಾಯಿತು. ಚಾಮರಾಜಸಾಗರ ಎಂಬುದು ಇದರ ಮತ್ತೊಂದು ಹೆಸರು. ಸರ್ ಎಂ. ವಿಶ್ವೇಶ್ವರಯ್ಯ ಅವರ ಮಾರ್ಗದರ್ಶನ ಈ ಯೋಜನೆಗಿತ್ತು. ಜಲಾಶಯದ ಸಾಮರ್ಥ್ಯ 3 ಟಿಎಂಸಿ ಅಡಿಗೂ ಹೆಚ್ಚು.

1974ರಲ್ಲಿ ಕಾವೇರಿ ನೀರು ನಗರಕ್ಕೆ ಬರುವವರೆಗೂ ಬೆಂಗಳೂರಿನ ಮುಖ್ಯ ಜಲಮೂಲ ಇದೇ ಆಗಿತ್ತು. ಅನಂತರವೂ ಹಲವು ವರ್ಷ ನಗರದ ಪಶ್ಚಿಮ ಭಾಗದ ಬಡಾವಣೆಗಳಿಗೆ ಇಲ್ಲಿಂದ ನೀರು ಹರಿಯಿತು. ಒಳಹರಿವಿನ ಕುಸಿತ ಹಾಗೂ ಮಾಲಿನ್ಯದ ಕಾರಣ 2012ರ ವೇಳೆಗೆ ಸರಬರಾಜು ನಿಂತಿತು. ಜಲಾನಯನ ಪ್ರದೇಶದ ರಕ್ಷಣೆಗಾಗಿ ರಾಜ್ಯ ಸರ್ಕಾರ 2003ರ ನವೆಂಬರ್‌ನಲ್ಲಿ ಅಧಿಸೂಚನೆ ಹೊರಡಿಸಿ ಕೈಗಾರಿಕೆ ಹಾಗೂ ಬಡಾವಣೆಗಳ ಮೇಲೆ ನಿರ್ಬಂಧ ವಿಧಿಸಿತ್ತು. 2019ರಲ್ಲಿ ಈ ನಿರ್ಬಂಧಗಳನ್ನು ಸಡಿಲಿಸಲಾಯಿತು.

ನದಿ ಬತ್ತಿದ್ದೇಕೆ ಎಂಬ ಪ್ರಶ್ನೆಗೆ ಮಳೆಯ ಕೊರತೆಯೊಂದೇ ಉತ್ತರವಾಗದು. ಮಿತಿಮೀರಿದ ಕೊಳವೆಬಾವಿಗಳು ಹಾಗೂ ವ್ಯಾಪಕವಾದ ನೀಲಗಿರಿ ತೋಪುಗಳು ಒಳಹರಿವನ್ನು ತಗ್ಗಿಸಿವೆ ಎಂಬುದು ಬೆಂಗಳೂರಿನ ಏಟ್ರೀ ಸಂಸ್ಥೆಯ ಸಂಶೋಧಕರ ಅಭಿಪ್ರಾಯ. ಹೊಸದಾಗಿ ನೀಲಗಿರಿ ಬೆಳೆಸುವುದನ್ನು ರಾಜ್ಯ ಸರ್ಕಾರ 2017ರಲ್ಲಿ ನಿಷೇಧಿಸಿತು. ಜಲಾಶಯದ ಆವರಣಕ್ಕೆ ಸಾರ್ವಜನಿಕರಿಗೆ ಮುಕ್ತ ಪ್ರವೇಶವಿಲ್ಲ. ಪ್ರಯಾಣಿಕರು ಕಣಿವೆಯನ್ನು ರಸ್ತೆಯಿಂದಲೇ ನೋಡಿ ಮುಂದುವರಿಯಬೇಕು.

ಸಾವನದುರ್ಗ: 250 ಕೋಟಿ ವರ್ಷದ ಶಿಲೆ

ಮಾಗಡಿ ಪಟ್ಟಣಕ್ಕೆ ಮುನ್ನ ಎಡಕ್ಕೆ ತಿರುಗುವ ದಾರಿಯು ಸಾವನದುರ್ಗದ ತಪ್ಪಲಿಗೆ ಒಯ್ಯುತ್ತದೆ. ಸಮುದ್ರ ಮಟ್ಟದಿಂದ 1,226 ಮೀಟರ್ ಎತ್ತರವಿರುವ ಈ ಬೆಟ್ಟವು ಏಷ್ಯಾದ ಅತಿದೊಡ್ಡ ಏಕಶಿಲಾ ಬೆಟ್ಟಗಳ ಸಾಲಿನಲ್ಲಿ ಎಣಿಕೆಯಾಗುತ್ತದೆ. ಇಲ್ಲಿರುವುದು ಜೋಡಿ ಗುಡ್ಡ. ಒಂದು ಕರಿಗುಡ್ಡ, ಇನ್ನೊಂದು ಬಿಳಿಗುಡ್ಡ. ಚಾರಣಿಗರು ಸಾಮಾನ್ಯವಾಗಿ ಏರುವುದು ಕರಿಗುಡ್ಡವನ್ನು.

ಬೆಟ್ಟದ ಕಲ್ಲು ಭೂವಿಜ್ಞಾನಿಗಳು ಕ್ಲೋಸ್‌ಪೇಟೆ ಗ್ರಾನೈಟ್ ಎಂದು ಕರೆಯುವ ಶಿಲಾಪಟ್ಟಿಗೆ ಸೇರಿದೆ. ರಾಮನಗರಕ್ಕೆ ಬ್ರಿಟಿಷರ ಕಾಲದಲ್ಲಿದ್ದ ಕ್ಲೋಸ್‌ಪೇಟೆ ಎಂಬ ಹೆಸರೇ ಶಿಲೆಗೂ ಬಂದಿದೆ. ಉತ್ತರ ದಕ್ಷಿಣವಾಗಿ ಕರ್ನಾಟಕದ ಉದ್ದಕ್ಕೂ ನೂರಾರು ಕಿ.ಮೀ. ಚಾಚಿರುವ ಈ ಶಿಲಾಪಟ್ಟಿಯ ವಯಸ್ಸು ಸುಮಾರು 250 ಕೋಟಿ ವರ್ಷ. ನೆಲದಾಳದಲ್ಲಿ ಕರಗಿದ ಶಿಲೆಯು ನಿಧಾನವಾಗಿ ತಣಿದು ಗಟ್ಟಿಯಾಯಿತು. ಅದರ ಮೇಲಿದ್ದ ನೆಲ ಯುಗಯುಗಗಳ ಕಾಲ ಸವೆದು ಹೋದಂತೆ ಗಟ್ಟಿ ಶಿಲೆ ಗುಮ್ಮಟದ ಆಕಾರದಲ್ಲಿ ಹೊರಗೆ ನಿಂತಿತು. ಮೇಲಿನ ಭಾರ ಇಳಿದಂತೆ ಹಾಗೂ ಹಗಲಿನ ಬಿಸಿ, ಇರುಳಿನ ತಂಪು ತಾಗಿದಂತೆ ಬಂಡೆಯು ಈರುಳ್ಳಿಯ ಸಿಪ್ಪೆಯ ಹಾಗೆ ಪದರು ಪದರಾಗಿ ಕಳಚುತ್ತದೆ. ಬೆಟ್ಟದ ಮೈ ನುಣುಪಾಗಿ, ಉರುಟಾಗಿ ಕಾಣಲು ಇದೇ ಕಾರಣ.

ಬಂಡೆಯ ಮೇಲೆ ಅಲ್ಲಲ್ಲಿ ಮಳೆನೀರು ನಿಲ್ಲುವ ದೊಣೆಗಳಿವೆ. ಕಲ್ಲಿನ ತಗ್ಗಿನಲ್ಲಿ ನಿಂತ ನೀರು ವರ್ಷ ವರ್ಷವೂ ಕಲ್ಲನ್ನು ಇಷ್ಟಿಷ್ಟೇ ತಿಂದು ಈ ದೊಣೆಗಳು ಆಳವಾಗುತ್ತವೆ. ಬಿರುಕುಗಳಲ್ಲಿ ಸೇರಿದ ಹಿಡಿ ಮಣ್ಣಿನಲ್ಲಿ ಹುಲ್ಲು, ಪೊದೆ, ಕೆಲವೆಡೆ ಮರವೂ ಬೇರೂರಿರುವುದನ್ನು ಕಾಣಬಹುದು.

ಕೋಟೆಯ ಕಥೆ

ಹೊಯ್ಸಳ ಮೂರನೆಯ ಬಲ್ಲಾಳನ ಕಾಲದ, 1340ರ ಶಾಸನವೊಂದರಲ್ಲಿ ಈ ಬೆಟ್ಟವನ್ನು ಸಾವಂದಿ ಎಂದು ಹೆಸರಿಸಲಾಗಿದೆ. ವಿಜಯನಗರದ ಅಚ್ಯುತರಾಯನ ಕಾಲದಲ್ಲಿ ಮಾಗಡಿಯ ಅಧಿಕಾರಿಯಾಗಿದ್ದ ಸಾಮಂತರಾಯನಿಂದ ಸಾಮಂತದುರ್ಗ ಎಂಬ ಹೆಸರು ಬಂದು, ಅದೇ ಸಾವನದುರ್ಗವಾಯಿತು ಎಂಬ ಮತ್ತೊಂದು ವಾದವೂ ಇದೆ. ಮುಂದೆ ಇದು ಮಾಗಡಿಯ ಕೆಂಪೇಗೌಡರ ವಂಶದ ಭದ್ರಕೋಟೆಯಾಯಿತು. 1728ರಲ್ಲಿ ಮೈಸೂರಿನ ದಳವಾಯಿ ದೇವರಾಜಯ್ಯ ಇದನ್ನು ವಶಪಡಿಸಿಕೊಂಡರು. ಮೂರನೆಯ ಮೈಸೂರು ಯುದ್ಧದ ವೇಳೆ, 1791ರ ಡಿಸೆಂಬರ್‌ನಲ್ಲಿ ಲಾರ್ಡ್ ಕಾರ್ನ್‌ವಾಲಿಸ್‌ನ ಸೇನೆ ಟಿಪ್ಪು ಸುಲ್ತಾನನ ಪಡೆಯಿಂದ ಕೋಟೆಯನ್ನು ಗೆದ್ದುಕೊಂಡಿತು. ಕೋಟೆಯ ಗೋಡೆಗಳ ಅವಶೇಷಗಳು ಏರುದಾರಿಯಲ್ಲಿ ಇಂದಿಗೂ ಕಾಣಸಿಗುತ್ತವೆ. ಸುತ್ತಮುತ್ತ ಬೃಹತ್ ಶಿಲಾಯುಗದ ಸಮಾಧಿಗಳು ಪತ್ತೆಯಾಗಿದ್ದು, ಮಾನವ ವಾಸ ಇಲ್ಲಿ ಕೋಟೆಗಿಂತ ಬಹಳ ಹಳೆಯದು ಎಂಬುದಕ್ಕೆ ಅವು ಸಾಕ್ಷಿ.

ತಪ್ಪಲಿನಲ್ಲಿ ಸಾವಂದಿ ವೀರಭದ್ರೇಶ್ವರ ಸ್ವಾಮಿ ಹಾಗೂ ನರಸಿಂಹ ಸ್ವಾಮಿ ದೇವಾಲಯಗಳಿವೆ. ಡೇವಿಡ್ ಲೀನ್ ನಿರ್ದೇಶನದ ‘ಎ ಪ್ಯಾಸೇಜ್ ಟು ಇಂಡಿಯಾ’ (1984) ಚಿತ್ರದ ಗುಹೆಗಳ ದೃಶ್ಯಕ್ಕೆ ಇಲ್ಲಿನ ಬಂಡೆಗಳನ್ನು ಬಳಸಿಕೊಳ್ಳಲಾಗಿತ್ತು. ಕಥೆಯ ಗುಹೆಗಳಿಗೆ ಮೂಲವಾದ ಬರಾಬರ್ ಬೆಟ್ಟ ಇರುವುದು ದೂರದ ಬಿಹಾರದಲ್ಲಿ.

ಏರುವ ದಾರಿ

ವೀರಭದ್ರೇಶ್ವರ ದೇವಾಲಯದ ಬಳಿಯಿಂದ ಏರುದಾರಿ ಆರಂಭ. ಮೊದಲು ಕುರುಚಲು ಗಿಡಗಳ ನಡುವೆ, ಅನಂತರ ಬರಿಯ ಬಂಡೆಯ ಮೇಲೆ ನಡಿಗೆ. ಹಿಡಿಯಲು ಮೆಟ್ಟಿಲೂ ಇಲ್ಲ, ಕಂಬಿಯೂ ಇಲ್ಲ. ಬಂಡೆಯ ಮೇಲೆ ಬಿಳಿ ಬಣ್ಣದಲ್ಲಿ ಬರೆದ ಬಾಣದ ಗುರುತುಗಳೇ ಮಾರ್ಗದರ್ಶಿ. ಸಾಧಾರಣ ದೇಹಶಕ್ತಿಯವರಿಗೆ ಹತ್ತಲು ಎರಡು ಗಂಟೆಗೂ ಹೆಚ್ಚು ಕಾಲ ಬೇಕು. ನೆತ್ತಿಯಲ್ಲಿ ನಂದಿಯ ಪುಟ್ಟ ಮಂಟಪವಿದೆ. ಅಲ್ಲಿಂದ ಅರ್ಕಾವತಿ ಕಣಿವೆ, ಮಂಚನಬೆಲೆಯ ಹಿನ್ನೀರು ಹಾಗೂ ಸುತ್ತಲಿನ ಅರಣ್ಯ ಒಂದೇ ನೋಟಕ್ಕೆ ದೊರೆಯುತ್ತವೆ.

ಹತ್ತುವುದಕ್ಕಿಂತ ಇಳಿಯುವುದು ಕಷ್ಟ. ಕಾಲು ಜಾರಿ ಬಿದ್ದು ಅಥವಾ ದಾರಿ ತಪ್ಪಿ ಚಾರಣಿಗರು ಪ್ರಾಣ ಕಳೆದುಕೊಂಡ ಪ್ರಕರಣಗಳು ಇಲ್ಲಿ ವರದಿಯಾಗಿವೆ. ಬಾಣದ ಗುರುತು ತಪ್ಪಿದರೆ ಇಳಿಜಾರು ಕ್ರಮೇಣ ಕಡಿದಾಗುತ್ತಾ ಹೋಗುತ್ತದೆ. ಕೆಳಗೆ ಕಾಡು ಕಾಣುತ್ತಿರುವುದರಿಂದ ಅತ್ತ ಇಳಿಯಬಹುದೆಂಬ ಭ್ರಮೆ ಹುಟ್ಟುತ್ತದೆ. ಇಂಥ ಸಂದರ್ಭದಲ್ಲಿ ಮುಂದೆ ಹೋಗದೆ, ಬಂದ ಹೆಜ್ಜೆಯಲ್ಲೇ ಮೇಲೇರಿ ಕೊನೆಯ ಗುರುತನ್ನು ಸೇರುವುದೇ ಕ್ಷೇಮ. ಮಳೆ ಬಿದ್ದ ದಿನ ಹಾಗೂ ಮರುದಿನ ಪಾಚಿ ಹಿಡಿದ ಬಂಡೆಯ ಮೇಲೆ ಹೆಜ್ಜೆ ನಿಲ್ಲದು. ಅಂಥ ದಿನಗಳಲ್ಲಿ ಬೆಟ್ಟ ಏರುವುದನ್ನು ಕೈಬಿಡುವುದು ಒಳಿತು.

ಕುರುಚಲಲ್ಲ, ಕಾಡು

ಬೆಟ್ಟದ ಸುತ್ತಲಿನ ಸಾವನದುರ್ಗ ರಾಜ್ಯ ಅರಣ್ಯದ ವಿಸ್ತೀರ್ಣ ಸುಮಾರು 27 ಚದರ ಕಿ.ಮೀ. ಮಲೆನಾಡಿನ ಕಾಡನ್ನು ನೋಡಿದ ಕಣ್ಣಿಗೆ ಇದು ಬರಿಯ ಕುರುಚಲಾಗಿ ತೋರಬಹುದು. ಆದರೆ ಒಣ ಎಲೆಯುದುರುವ ಕಾಡಿನ ಸ್ವಭಾವವೇ ಹಾಗೆ. ದಿಂಡಿಗ, ಹುರುಗಲು, ಕಗ್ಗಲಿ ಮೊದಲಾದ ಮರಗಳು ಬೇಸಿಗೆಯಲ್ಲಿ ಎಲೆ ಕಳಚಿ ನೀರನ್ನು ಉಳಿಸಿಕೊಳ್ಳುತ್ತವೆ. ಮುಂಗಾರಿನ ಮೊದಲ ಮಳೆಗಳು ಬಿದ್ದೊಡನೆ ಮತ್ತೆ ಹಸಿರಾಗುತ್ತವೆ. 59ಕ್ಕೂ ಹೆಚ್ಚು ಜಾತಿಯ ಮರಗಳು ಹಾಗೂ 119ಕ್ಕೂ ಹೆಚ್ಚು ಜಾತಿಯ ಪೊದೆಗಿಡಗಳು ಇಲ್ಲಿ ದಾಖಲಾಗಿವೆ. ಶತಮಾನಗಳ ಸೌದೆ ಕಡಿತ, ಮೇವು ಹಾಗೂ ಬೆಂಕಿಯಿಂದ ಕಾಡು ತನ್ನ ಮೂಲರೂಪ ಕಳೆದುಕೊಂಡಿದೆ. ವಿದೇಶಿ ಕಳೆಯಾದ ಲಂಟಾನ ತೆರವಾದ ಜಾಗವನ್ನೆಲ್ಲ ಆಕ್ರಮಿಸುತ್ತಿದೆ.

ದಕ್ಷಿಣ ಭಾರತದ ಬಂಡೆಬೆಟ್ಟಗಳಿಗಷ್ಟೇ ಸೀಮಿತವಾದ, ಅಪಾಯದಂಚಿನಲ್ಲಿರುವ ಹಳದಿ ಕತ್ತಿನ ಪಿಕಳಾರ ಹಕ್ಕಿಯ ನೆಲೆಗಳಲ್ಲಿ ಸಾವನದುರ್ಗವೂ ಒಂದು. ಚಿರತೆ ಹಾಗೂ ಕರಡಿಗಳ ಸಂಚಾರವಿದೆ. ಬನ್ನೇರುಘಟ್ಟದ ಕಡೆಯಿಂದ ಆನೆಗಳು ಆಗಾಗ ಇತ್ತ ಬರುವುದುಂಟು. ಹಿಂದೆ ಈ ಭಾಗದ ಬಂಡೆಗಳಲ್ಲಿ ಕಾಣುತ್ತಿದ್ದ ಉದ್ದ ಕೊಕ್ಕಿನ ರಣಹದ್ದುಗಳಿಗೆ ನೆರೆಯ ರಾಮದೇವರ ಬೆಟ್ಟದಲ್ಲಿ 2012ರಲ್ಲಿ ಧಾಮವನ್ನು ಘೋಷಿಸಲಾಯಿತು. ದನಕರುಗಳಿಗೆ ನೀಡುತ್ತಿದ್ದ ಡೈಕ್ಲೋಫೆನಾಕ್ ಎಂಬ ನೋವುನಿವಾರಕವು ಸತ್ತ ಜಾನುವಾರುಗಳ ಮಾಂಸದ ಮೂಲಕ ರಣಹದ್ದುಗಳಿಗೆ ವಿಷವಾಗುತ್ತಿತ್ತು. ಪಶುಚಿಕಿತ್ಸೆಯಲ್ಲಿ ಅದರ ಬಳಕೆಯನ್ನು ಭಾರತ 2006ರಲ್ಲಿ ನಿಷೇಧಿಸಿತು.

ಮಂಚನಬೆಲೆ: ದೂರದಿಂದಲೇ ಚೆಂದ

ಬೆಟ್ಟದಿಂದಿಳಿದು ಆಗ್ನೇಯ ದಿಕ್ಕಿಗೆ ಸಾಗಿದರೆ ಮಂಚನಬೆಲೆ ಜಲಾಶಯ ಸಿಗುತ್ತದೆ. ತಿಪ್ಪಗೊಂಡನಹಳ್ಳಿಯನ್ನು ದಾಟಿ ಬಂದ ಅರ್ಕಾವತಿಗೆ ಇಲ್ಲಿ ಎರಡನೆಯ ತಡೆ. ಗುಡ್ಡಗಳ ನಡುವಿನ ಹಿನ್ನೀರು ಶಾಂತವಾಗಿ ಕಾಣುತ್ತದೆ. ಆದರೆ ದಂಡೆಯಿಂದ ಕೆಲವೇ ಹೆಜ್ಜೆಗೆ ಆಳ ಹಠಾತ್ತನೆ ಹೆಚ್ಚುತ್ತದೆ, ತಳದಲ್ಲಿ ಕೆಸರಿದೆ. ಈಜಲು ಇಳಿದ ಹಲವು ಯುವಕರು ಇಲ್ಲಿ ನೀರುಪಾಲಾಗಿದ್ದಾರೆ. ಈಜು ಬಲ್ಲವರೂ ಇದಕ್ಕೆ ಹೊರತಲ್ಲ. ನೀರಿಗಿಳಿಯಬಾರದೆಂಬ ಎಚ್ಚರಿಕೆಯನ್ನು ಪಾಲಿಸುವುದು ಕಡ್ಡಾಯವೆಂದೇ ಭಾವಿಸಬೇಕು.

ದೊಡ್ಡ ಆಲದ ಮರ

ಸುತ್ತಿನ ಕೊನೆಯ ನಿಲ್ದಾಣ ರಾಮೋಹಳ್ಳಿ ಸಮೀಪದ ಕೇತೋಹಳ್ಳಿಯ ದೊಡ್ಡ ಆಲದ ಮರ. ಒಂದೇ ಮರ ಸುಮಾರು ಮೂರು ಎಕರೆ ನೆಲವನ್ನು ಆವರಿಸಿದೆ. ವಯಸ್ಸು ಸುಮಾರು 400 ವರ್ಷ ಎಂದು ಅಂದಾಜು. ಮರದಡಿ ಮುನೇಶ್ವರನ ಗುಡಿಯಿದೆ.

ಮೂಲ ಕಾಂಡವನ್ನು ಹುಡುಕುವವರಿಗೆ ನಿರಾಸೆ ಕಾದಿದೆ. 2000ದ ದಶಕದಲ್ಲಿ ರೋಗಕ್ಕೆ ತುತ್ತಾಗಿ ತಾಯಿಬೇರು ನಾಶವಾಯಿತು. ಈಗ ಮರವು ಹಲವು ಮರಗಳ ತೋಪಿನಂತೆ ಕಾಣುತ್ತದೆ. ಕೊಂಬೆಗಳಿಂದ ಇಳಿಯುವ ಬಿಳಲುಗಳು ನೆಲ ಮುಟ್ಟಿ ಬೇರು ಬಿಟ್ಟ ಮೇಲೆ ದಪ್ಪವಾಗಿ ಕಾಂಡಗಳೇ ಆಗುತ್ತವೆ. ಹೀಗಾಗಿ ನಡುಭಾಗ ಸತ್ತರೂ ಅಂಚು ಬದುಕಿ ಮುಂದಕ್ಕೆ ಹಬ್ಬುತ್ತದೆ. ಕೋಲ್ಕತ್ತ ಸಮೀಪದ ಸಸ್ಯೋದ್ಯಾನದ ಪ್ರಸಿದ್ಧ ಆಲದ ಮರ 1925ರಲ್ಲಿ, ಚೆನ್ನೈನ ಅಡ್ಯಾರಿನ ಆಲದ ಮರ 1989ರಲ್ಲಿ ಮೂಲ ಕಾಂಡವನ್ನು ಕಳೆದುಕೊಂಡರೂ ಬಿಳಲುಗಳ ಬಲದಿಂದ ಉಳಿದುಕೊಂಡಿವೆ.

ಆದ್ದರಿಂದ ಆಲದ ಮರದ ಭವಿಷ್ಯ ಅದರ ಎಳೆಯ ಬಿಳಲುಗಳಲ್ಲಿದೆ. ಅವುಗಳನ್ನು ಹಿಡಿದು ಜೋಲಿಯಾಡುವುದು, ಕಾಂಡದ ಮೇಲೆ ಹೆಸರು ಕೆತ್ತುವುದು, ಬಿಳಲು ಇಳಿಯುವ ನೆಲವನ್ನು ತುಳಿದು ಗಟ್ಟಿ ಮಾಡುವುದು ಮರಕ್ಕೆ ನೇರ ಹಾನಿ. ಇಲ್ಲಿ ಮಂಗಗಳ ಕಾಟ ಹೆಚ್ಚು. ತಿಂಡಿಯ ಪೊಟ್ಟಣಗಳನ್ನು ಹೊರಗೆ ತೆಗೆಯದಿರುವುದು ಮೇಲು.

ಮರಳುವ ದಾರಿಯ ನದಿ

ಕೇತೋಹಳ್ಳಿಯಿಂದ ಮೈಸೂರು ರಸ್ತೆ ಸೇರಿ ಕೆಂಗೇರಿ ದಾಟುವಾಗ ವೃಷಭಾವತಿಯ ವಾಸನೆ ಪ್ರಯಾಣಿಕರನ್ನು ಎದುರುಗೊಳ್ಳುತ್ತದೆ. ಬೆಂಗಳೂರಿನಲ್ಲಿಯೇ ಹುಟ್ಟುವ ಈ ನದಿಗೆ ವಿಜಯನಗರ, ರಾಜಾಜಿನಗರ ಸೇರಿದಂತೆ ಪಶ್ಚಿಮ ಬೆಂಗಳೂರಿನ ಮಳೆನೀರಿನ ಜತೆಗೆ ಕೊಳಚೆಯೂ ಸೇರುತ್ತದೆ. ಬೈರಮಂಗಲ ಕೆರೆಯ ಮೂಲಕ ಹಾದು ಅದು ಅರ್ಕಾವತಿಯನ್ನೇ ಕೂಡುತ್ತದೆ. ಒಂದು ಕಾಲಕ್ಕೆ ಅರ್ಕಾವತಿಯ ನೀರು ಕುಡಿದ ಬಡಾವಣೆಗಳು ಇಂದು ಅದೇ ನದಿಗೆ ಮರಳಿ ಕೊಡುತ್ತಿರುವುದು ಈ ಕಪ್ಪು ನೀರನ್ನು.

ಪ್ರಯಾಣಿಕರಿಗೆ ಮಾಹಿತಿ

ಸೂಕ್ತ ಕಾಲ: ಅಕ್ಟೋಬರ್ ಕೊನೆಯಿಂದ ಫೆಬ್ರುವರಿಯವರೆಗೆ. ವಿಜಯನಗರದಿಂದ ಬೆಳಿಗ್ಗೆ 6 ಗಂಟೆಗೆ ಮೊದಲೇ ಹೊರಟರೆ ಬಿಸಿಲೇರುವ ಮುನ್ನ ಬೆಟ್ಟ ಹತ್ತಬಹುದು.

ಅನುಮತಿ: 2024ರ ಜನವರಿಯಲ್ಲಿ ಕುಮಾರಪರ್ವತದಲ್ಲಿ ಉಂಟಾದ ಜನದಟ್ಟಣೆಯ ನಂತರ ಅರಣ್ಯ ಇಲಾಖೆಯು ಚಾರಣಕ್ಕೆ ಮುಂಗಡ ನೋಂದಣಿಯ ಕ್ರಮವನ್ನು ಬಿಗಿಗೊಳಿಸಿತು. ಅದೇ ವರ್ಷ ‘ಅರಣ್ಯ ವಿಹಾರ’ ಜಾಲತಾಣ ಆರಂಭವಾಯಿತು. ಹೊರಡುವ ಮುನ್ನ ಅದರಲ್ಲಿ ಅಂದಿನ ನಿಯಮಗಳನ್ನು ಪರಿಶೀಲಿಸಿಕೊಳ್ಳಬೇಕು.

ಸಾರಿಗೆ: ಪೂರ್ಣ ಸುತ್ತಿಗೆ ಸ್ವಂತ ಅಥವಾ ಬಾಡಿಗೆ ವಾಹನ ಅನುಕೂಲ. ಮಾಗಡಿಯವರೆಗೆ ಸಾರಿಗೆ ಸಂಸ್ಥೆಯ ಬಸ್‌ಗಳಿವೆ. ದೊಡ್ಡ ಆಲದ ಮರಕ್ಕೆ ನಗರ ಸಾರಿಗೆ ಬಸ್‌ಗಳು ಓಡಾಡುತ್ತವೆ. ವಿಜಯನಗರವನ್ನು ಹಾದುಹೋಗುವ ಮೆಟ್ರೊ ನೇರಳೆ ಮಾರ್ಗವು 2021ರಲ್ಲಿ ಕೆಂಗೇರಿಗೆ, 2023ರಲ್ಲಿ ಚಲ್ಲಘಟ್ಟಕ್ಕೆ ವಿಸ್ತರಣೆಯಾಗಿದೆ.

ಜತೆಗಿರಬೇಕಾದವು: ತಲಾ ಎರಡು ಲೀಟರ್‌ಗೂ ಹೆಚ್ಚು ನೀರು, ಹಿಡಿತವಿರುವ ಬೂಟು, ಟೋಪಿ, ಬುತ್ತಿ. ಬೆಟ್ಟದ ಮೇಲೆ ನೀರು ದೊರೆಯದು. ಬಂಡೆಗಳ ಮೈಯಲ್ಲಿ ಹೆಜ್ಜೇನು ಗೂಡುಗಳಿರುವ ಕಾರಣ ಬೆಂಕಿ, ಹೊಗೆ, ಗದ್ದಲ ಸಲ್ಲದು. ಒಬ್ಬರೇ ಏರುವುದು ಬೇಡ. ಕತ್ತಲಾಗುವ ಮುನ್ನ ತಪ್ಪಲು ಸೇರಬೇಕು. ಒಯ್ದ ಪ್ಲಾಸ್ಟಿಕ್ಕನ್ನು ಮರಳಿ ತರಬೇಕು.

ಆಡಳಿತ: ಸಾವನದುರ್ಗವು ಮಾಗಡಿ ತಾಲ್ಲೂಕಿಗೆ ಸೇರಿದೆ. 2007ರಲ್ಲಿ ರಚನೆಯಾದ ರಾಮನಗರ ಜಿಲ್ಲೆಗೆ 2025ರಲ್ಲಿ ಬೆಂಗಳೂರು ದಕ್ಷಿಣ ಜಿಲ್ಲೆ ಎಂದು ಮರುನಾಮಕರಣ ಮಾಡಲಾಗಿದೆ. ದೊಡ್ಡ ಆಲದ ಮರ ಬೆಂಗಳೂರು ನಗರ ಜಿಲ್ಲೆಯಲ್ಲಿದೆ.