ದೊಡ್ಡ ತಳಿಯ ಎಳೆಯ ನಾಯಿಯನ್ನು ಮನೆಯ ಪಾಲನಾಗೃಹಕ್ಕೆ ಒಗ್ಗಿಸುವ ಕ್ರಮ

ಡೇಕೇರ್ ಎಂದು ಇಂದು ವಾಡಿಕೆಯಲ್ಲಿರುವ ನಾಯಿ ಪಾಲನಾಗೃಹಗಳಲ್ಲಿ ಎರಡು ಬಗೆಗಳುಂಟು. ಗೂಡುಗಳನ್ನು ಸಾಲಾಗಿ ಕಟ್ಟಿ ನಡೆಸುವ ವಸತಿ ಕೇಂದ್ರ ಒಂದು. ನಾಯಿಗಳನ್ನು ಬಲ್ಲ ಒಬ್ಬರು ತಮ್ಮ ಸ್ವಂತ ಮನೆಯಲ್ಲಿ, ತಮ್ಮ ನಾಯಿಗಳ ಜೊತೆಯಲ್ಲಿಯೇ ನಾಲ್ಕಾರು ಅತಿಥಿ ನಾಯಿಗಳನ್ನು ಹಗಲು ಹೊತ್ತು ನೋಡಿಕೊಳ್ಳುವ ವ್ಯವಸ್ಥೆ ಇನ್ನೊಂದು. ಈ ಲೇಖನ ಎರಡನೆಯದನ್ನು ಕುರಿತದ್ದು. ತಂದೆ ತಾಯಿ ಇಬ್ಬರೂ ದುಡಿಯುವ, ಮಕ್ಕಳು ಸಂಜೆಯವರೆಗೆ ಶಾಲೆಯಲ್ಲಿರುವ, ಮದುವೆ ಮುಂಜಿಗಳಿಗೆ ವಿಜಯಪುರಕ್ಕೋ ಕಲಬುರಗಿಗೋ ಗಡಿ ದಾಟಿ ಹೋಗಬೇಕಾದ ನಮ್ಮಂತಹ ಕುಟುಂಬಗಳಿಗೆ ಇದು ಉಪಕಾರದ ಏರ್ಪಾಡು. ಆದರೆ ಆರು ತಿಂಗಳಿಂದ ಎರಡು ವರ್ಷದೊಳಗಿನ ದೊಡ್ಡ ನಾಯಿಯನ್ನು ಅಲ್ಲಿಗೆ ಒಯ್ದು ಬಾಗಿಲಲ್ಲಿ ಬಿಟ್ಟು ಬರುವಂತಿಲ್ಲ.

ಎಳೆತನ ಮತ್ತು ಗಾತ್ರ

ನಮಗೆ ಹತ್ತಿರದ ಮುಧೋಳ ನಾಯಿಯನ್ನೇ ಉದಾಹರಣೆಗೆ ತೆಗೆದುಕೊಳ್ಳೋಣ. ಬಾಗಲಕೋಟೆ ಜಿಲ್ಲೆಯ ಮುಧೋಳದ ಹೆಸರು ಹೊತ್ತ ಈ ತಳಿಯನ್ನು ಗಡಿಯ ಈಚೆ ಮರಾಠಿಯಲ್ಲಿ ಕಾರವಾನ್ ಎನ್ನುತ್ತಾರೆ. 2005ರಲ್ಲಿ ಭಾರತೀಯ ಅಂಚೆ ಇಲಾಖೆ ದೇಶೀ ನಾಯಿಗಳ ಕುರಿತು ಹೊರತಂದ ನಾಲ್ಕು ಅಂಚೆಚೀಟಿಗಳಲ್ಲಿ ಒಂದು ಇದರದು. ಮುಧೋಳದ ಬಳಿಯ ತಿಮ್ಮಾಪುರದಲ್ಲಿ ಬೀದರಿನ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಶ್ವಾನ ಸಂಶೋಧನಾ ಕೇಂದ್ರವಿದೆ. ವಾಸನೆಗಿಂತ ಕಣ್ಣನ್ನು ನಂಬಿ ಬೇಟೆಯಾಡುವ ನಾಯಿ ಇದು. ಓಡುವುದನ್ನು ಕಂಡರೆ ಬೆನ್ನಟ್ಟುವುದು ಅದರ ರಕ್ತದಲ್ಲಿದೆ. ಭುಜದ ಮಟ್ಟಕ್ಕೆ ಎರಡು ಅಡಿಗೂ ಮಿಕ್ಕ ಎತ್ತರ, ಇಪ್ಪತ್ತು ಕಿಲೋ ದಾಟುವ ತೂಕ. ಎಂಟು ಹತ್ತು ತಿಂಗಳಿಗೆಲ್ಲ ಬೆಳೆದ ನಾಯಿಯಂತೆ ಕಾಣುತ್ತದೆ, ವರ್ತನೆ ಮಾತ್ರ ಮರಿಯದು. ಲ್ಯಾಬ್ರಡಾರ್, ಜರ್ಮನ್ ಶೆಫರ್ಡ್, ರಾಜಪಾಳಯಂ ಯಾವುದೇ ಇರಲಿ, ಈ ವಯಸ್ಸಿನಲ್ಲಿ ಎದೆಯಿಂದ ಗುದ್ದುವುದು, ಮುಂಗಾಲು ಹೇರುವುದು, ಆಟ ಸಾಕೆಂದವರನ್ನೂ ಬಿಡದೆ ಕಾಡುವುದು ಸಹಜ. ಅದರಲ್ಲಿ ದ್ವೇಷವಿಲ್ಲ. ಆದರೆ ನಾಲ್ಕು ಕಿಲೋ ತೂಗುವ ಪೊಮೆರೇನಿಯನ್ ನಾಯಿಗೆ ದ್ವೇಷದ ಗುದ್ದೂ ಸ್ನೇಹದ ಗುದ್ದೂ ಒಂದೇ.

ಈ ಮಾತನ್ನು ನಾವು ನಷ್ಟಪಟ್ಟು ಕಲಿತೆವು. ನಮ್ಮ ಮನೆಯ ಮುಧೋಳ, ಸರದಾರ, ಹನ್ನೊಂದು ತಿಂಗಳಿನವನಿದ್ದಾಗ ಒಂದು ಮದುವೆಯ ಸಲುವಾಗಿ ಅವನನ್ನು ಸೋಲಾಪುರದ ಒಂದು ಮನೆಯಲ್ಲಿ ಬಿಟ್ಟೆವು. ಪಾಲಕಿ ಮರಾಠಿ ಮಾತಿನ ಸಜ್ಜನ ಹೆಣ್ಣುಮಗಳು. ಬೆಕ್ಕು, ಮೇಕೆಮರಿಗಳನ್ನು ಬೆನ್ನಟ್ಟುತ್ತಾನೆಯೇ ಎಂದು ಕೇಳಿದಾಗ, ಹೌದೆಂದರೆ ಬೇಡವೆಂದಾರೆಂಬ ಭಯದಿಂದ, ಹಾಗೇನೂ ಇಲ್ಲ ಎಂದುಬಿಟ್ಟೆವು. ಎರಡನೆಯ ದಿನ ಅಂಗಳದಲ್ಲಿ ಕಿರುಚುತ್ತ ಓಡಿದ ಪುಟ್ಟ ನಾಯಿಯನ್ನು ಸರದಾರ ಬೆನ್ನಟ್ಟಿ ಹಿಡಿದ. ಆಕೆ 'ಸೋಡ್, ಸೋಡ್' ಎಂದು ಕೂಗಿದರಂತೆ. ಮರಾಠಿಯಲ್ಲಿ ಅದಕ್ಕೆ 'ಬಿಡು' ಎಂದರ್ಥ. ನಮ್ಮ ಮನೆಯಲ್ಲಿ 'ಬಿಡೋ' ಎಂದರೆ ಬಾಯಲ್ಲಿದ್ದ ರೊಟ್ಟಿಯನ್ನೂ ಬಿಡುವ ನಾಯಿ ಅದು. 'ಸೋಡ್' ಎಂಬ ಸದ್ದನ್ನು ಹುಟ್ಟಿದಂದಿನಿಂದ ಕೇಳಿರಲಿಲ್ಲ. ಪುಟ್ಟ ನಾಯಿಗೆ ಹೊಲಿಗೆ ಬಿದ್ದವು, ಬದುಕಿತು. ಖರ್ಚು ನಾವು ಕೊಟ್ಟೆವು, ಆಕೆಯ ಮುಖ ನೋಡಿ ಮಾತನಾಡಲು ನಮಗೆ ಬಹಳ ದಿನ ಬೇಕಾದವು. ತಪ್ಪು ನಾಯಿಯದೂ ಅಲ್ಲ, ಆಕೆಯದೂ ಅಲ್ಲ.

ಆದ್ದರಿಂದ ನಾಯಿಯನ್ನು ಕರೆದೊಯ್ಯುವ ಮೊದಲು ಪಾಲಕರಿಗೆ ನಿಜವನ್ನು ಹೇಳಬೇಕು. ಊಟದ ಬಟ್ಟಲ ಬಳಿ ಗುರುಗುಟ್ಟುತ್ತದೆಯೇ, ಗೋಡೆ ಹಾರುತ್ತದೆಯೇ, ಯಾರನ್ನಾದರೂ ಕಚ್ಚಿದೆಯೇ, ಪಟಾಕಿಗೆ ಹೆದರುತ್ತದೆಯೇ, ಒಂಟಿಯಾಗಿ ಬಿಟ್ಟರೆ ಬಾಗಿಲು ಕೆರೆಯುತ್ತದೆಯೇ ಎಂಬುದನ್ನೆಲ್ಲ ಬರೆದುಕೊಟ್ಟರೆ ಇನ್ನೂ ಒಳ್ಳೆಯದು.

ಮನೆಯನ್ನು ಮೊದಲು ನಾವು ನೋಡುವುದು

ಮೊದಲ ಭೇಟಿಗೆ ನಾಯಿ ಬೇಡ. ಆವರಣದ ಗೋಡೆಯ ಎತ್ತರವನ್ನು ನೋಡಿರಿ. ಮುಧೋಳಕ್ಕೆ ನಾಲ್ಕು ಅಡಿಯ ಗೋಡೆ ಗೋಡೆಯೇ ಅಲ್ಲ. ಹೊರಗೇಟು ತೆರೆದಾಗ ನಾಯಿ ನೇರ ರಸ್ತೆಗೆ ಬೀಳದಂತೆ ಒಳಗೆ ಇನ್ನೊಂದು ಬಾಗಿಲಿದೆಯೇ ಎಂಬುದು ಮುಖ್ಯ. ನಮ್ಮ ಊರುಗಳಲ್ಲಿ ಮಾಳಿಗೆಯ ಮೇಲೆ ನಾಯಿಗಳನ್ನು ಆಡಬಿಡುವ ರೂಢಿಯುಂಟು. ಅಲ್ಲಿಯ ಕೈಪಿಡಿಗೋಡೆ ಗಿಡ್ಡವಾಗಿದ್ದರೆ, ಗುಬ್ಬಿಯ ಹಿಂದೆ ನೆಗೆಯುವ ನಾಯಿಗೆ ಅದು ಸಾವಿನ ಜಾಗ. ಅಂತಹ ಮನೆಯನ್ನು ಬಿಟ್ಟುಬಿಡುವುದೇ ಲೇಸು. ನುಣುಪಾದ ಟೈಲ್ಸ್ ನೆಲದ ಮೇಲೆ ಬೆಳೆಯುವ ಮೂಳೆಯ ನಾಯಿ ಜಾರಿ ಕಾಲು ಉಳುಕಿಸಿಕೊಳ್ಳುತ್ತದೆ, ಚಾಪೆ ಹಾಸಿರಬೇಕು. ದೊಡ್ಡವಕ್ಕೂ ಚಿಕ್ಕವಕ್ಕೂ ಬೇರೆ ಬೇರೆ ಜಾಗವಿದೆಯೇ, ಒಬ್ಬರೇ ಎಷ್ಟು ನಾಯಿಗಳನ್ನು ನೋಡುತ್ತಾರೆ, ಅವರು ಪೇಟೆಗೆ ಹೋದಾಗ ಯಾರಿರುತ್ತಾರೆ ಎಂದು ಕೇಳಲು ಸಂಕೋಚಪಡಬೇಕಿಲ್ಲ. ದಿನವಿಡೀ ಗಿಡ್ಡ ಸರಪಳಿಯಲ್ಲಿ ಕಟ್ಟಿಹಾಕುವ ಕಡೆ ಬಿಡಲೇಬೇಡಿ. ಅಂತಹ ಬಂಧನ 1960ರ ಪ್ರಾಣಿಹಿಂಸೆ ತಡೆ ಕಾಯಿದೆಯ ಪ್ರಕಾರವೂ ಅಪರಾಧ.

ಪಾಲಕರು ಲಸಿಕೆಯ ಪುಸ್ತಕ ಕೇಳದಿದ್ದರೆ ಅದನ್ನು ಸೌಜನ್ಯವೆಂದು ತಿಳಿಯಬಾರದು. ನಮ್ಮನ್ನು ಕೇಳದವರು ಬೇರೆಯವರನ್ನೂ ಕೇಳಿರುವುದಿಲ್ಲ. ಡಿಸ್ಟೆಂಪರ್, ಪಾರ್ವೊ, ಲೆಪ್ಟೊಸ್ಪೈರೋಸಿಸ್ ಲಸಿಕೆಗಳು ಮುಗಿದಿರಬೇಕು. ಮೂರು ತಿಂಗಳ ವಯಸ್ಸಿನಲ್ಲಿ ಆರಂಭಿಸುವ ರೇಬೀಸ್ ಲಸಿಕೆಯನ್ನು ವೈದ್ಯರು ಹೇಳಿದ ಅವಧಿಗೆ ಮತ್ತೆ ಹಾಕಿಸಿರಬೇಕು. ಉಣ್ಣೆಗೂ ಜಂತುಹುಳುವಿಗೂ ಔಷಧಿ ಆಗಿರಲಿ. ಕೆಮ್ಮುವ ನಾಯಿಯನ್ನು, ಬೆದೆಗೆ ಬಂದ ಹೆಣ್ಣುನಾಯಿಯನ್ನು ಆ ದಿನಗಳಲ್ಲಿ ಕಳಿಸಬಾರದು.

ಮೊದಲ ಪರಿಚಯ

ಹೊಸ ನಾಯಿಯನ್ನು ಗೇಟಿನೊಳಗೆ ನೂಕಿ ಆರು ನಾಯಿಗಳು ಒಟ್ಟಿಗೆ ಮುತ್ತಿಕೊಳ್ಳಲು ಬಿಡುವುದು ಅತ್ಯಂತ ಕೆಟ್ಟ ಕ್ರಮ. ಪರಿಚಯ ಒಂದೊಂದೇ ನಾಯಿಯೊಡನೆ, ಅದೂ ಮನೆಯ ಹೊರಗೆ ಆಗಬೇಕು. ನಮ್ಮ ಓಣಿಗಳಲ್ಲಿ ಬೀದಿನಾಯಿಗಳ ಗದ್ದಲ ಇರುವುದರಿಂದ ಬೆಳಗಿನ ಖಾಲಿ ಮೈದಾನ ಒಳ್ಳೆಯದು. ಪಾಲಕರ ಬಳಿ ಇರುವ ನಾಯಿಗಳಲ್ಲಿ ವಯಸ್ಸಾದ, ಶಾಂತ ಸ್ವಭಾವದ, ಸಾಧ್ಯವಾದರೆ ವಿರುದ್ಧ ಲಿಂಗದ ಒಂದನ್ನು ಆರಿಸಿ, ಎರಡನ್ನೂ ಬೇರೆ ಬೇರೆಯವರು ಹಿಡಿದು, ಹತ್ತು ಹನ್ನೆರಡು ಅಡಿ ಅಂತರದಲ್ಲಿ ಒಂದೇ ದಿಕ್ಕಿಗೆ ನಡೆಯಬೇಕು. ಎದುರುಬದುರು ತರಬಾರದು. ಎರಡೂ ನೆಲ ಮೂಸುತ್ತ ನಿರಾಳವಾದ ಹಾಗೆ ಅಂತರವನ್ನು ಕಡಿಮೆ ಮಾಡುತ್ತ ಬಂದು, ಕೊನೆಗೆ ಬಳಸಿ ಬಂದು ಹಿಂಬದಿಯಿಂದ ಮೂಸಲು ಬಿಡಬೇಕು. ಒಂದು, ಎರಡು, ಮೂರು ಎಣಿಸಿ ಕರೆದುಕೊಳ್ಳಬೇಕು, ಮತ್ತೆ ಬಿಡಬೇಕು. ಹಗ್ಗ ಸಡಿಲವಾಗಿರಲಿ. ಬಿಗಿದ ಹಗ್ಗ ನಮ್ಮ ಹೆದರಿಕೆಯನ್ನು ನಾಯಿಯ ಕೊರಳಿಗೆ ಮುಟ್ಟಿಸುತ್ತದೆ, ಹಿಡಿದವರು ಮಕ್ಕಳಾಗಿದ್ದರಂತೂ ಎಳೆತಕ್ಕೆ ಬೀಳುವುದೇ ಹೆಚ್ಚು. ದೊಡ್ಡ ನಾಯಿಯ ಹಗ್ಗ ಈ ದಿನ ದೊಡ್ಡವರ ಕೈಯಲ್ಲೇ ಇರಬೇಕು.

ನಂತರ ಎರಡೂ ನಾಯಿಗಳು ಜೊತೆಯಾಗಿ ಆವರಣ ಪ್ರವೇಶಿಸುತ್ತವೆ. ಅದಕ್ಕೆ ಮೊದಲೇ ಅಲ್ಲಿಯ ಬಟ್ಟಲು, ಎಲುಬು, ಆಟಿಕೆಗಳನ್ನು ತೆಗೆದಿರಬೇಕು. ಇಪ್ಪತ್ತು ನಿಮಿಷ ಆಟ, ಬಳಿಕ ಬೇರೆ ಕೋಣೆಯಲ್ಲಿ ವಿಶ್ರಾಂತಿ. ಎರಡನೆಯ ನಾಯಿಯ ಪರಿಚಯ ಆಮೇಲೆ. ಚಿಕ್ಕ ನಾಯಿಗಳಿದ್ದರೆ ಕೆಲವು ದಿನ ಜಾಲರಿಯ ಆಚೆ ಈಚೆ ಮಾತ್ರ ನೋಡಿಕೊಳ್ಳಲಿ. ಬೇಟೆ ತಳಿಯ ನಾಯಿಯನ್ನು ಅವುಗಳ ಜೊತೆ ಬಯಲಲ್ಲಿ ಓಡಬಿಡುವುದು ಎಂದೂ ಬೇಡವೆಂಬುದು ನಮ್ಮ ಅಭಿಪ್ರಾಯ.

ಆಟವೋ ಜಗಳವೋ ಎಂದು ತಿಳಿಯುವುದು ಹೇಗೆ? ಬಾಲ ಅಲ್ಲಾಡಿದ ಮಾತ್ರಕ್ಕೆ ಸ್ನೇಹವಲ್ಲ; ನೆಟ್ಟಗೆ ಎತ್ತಿ ಬಿರುಸಾಗಿ ಅಲುಗುವ ಬಾಲ ಎಚ್ಚರಿಕೆಯೂ ಆಗಬಹುದು. ಮುಂಗಾಲು ಚಾಚಿ ಹಿಂಬದಿ ಎತ್ತುವುದು, ಮೈ ಬಳುಕುವುದು, ಒಮ್ಮೆ ಇದು ಮೇಲೆ ಒಮ್ಮೆ ಅದು ಮೇಲೆ ಆಗುವುದು, ನಡುನಡುವೆ ತಾವೇ ನಿಲ್ಲುವುದು ಆಟದ ಗುರುತು. ಬಾಯಿ ಮುಚ್ಚಿ ಮೈ ಕಲ್ಲಾಗುವುದು, ಕಣ್ಣಿನ ಬಿಳಿ ಕಾಣುವಂತೆ ಓರೆಯಾಗಿ ದಿಟ್ಟಿಸುವುದು, ಹೆಗಲ ಮೇಲೆ ಗದ್ದವಿಟ್ಟು ಕದಲದೆ ನಿಲ್ಲುವುದು, ಮಂಚದಡಿ ಅವಿತದ್ದನ್ನೂ ಬಿಡದೆ ಹುಡುಕುವುದು ಆಟವಲ್ಲ. ಸಂಶಯ ಬಂದಾಗ ದೊಡ್ಡದನ್ನು ಹಿಡಿದು ನಿಲ್ಲಿಸಿ ನೋಡಿ. ಚಿಕ್ಕದು ತಾನಾಗಿ ಮರಳಿ ಬಂದರೆ ಅದಕ್ಕೂ ಆಟ ಬೇಕಿತ್ತು. ದೂರ ಸರಿದರೆ ಅಲ್ಲಿಗೆ ನಿಲ್ಲಿಸಬೇಕು. ಗುರುಗುಟ್ಟಿದ್ದಕ್ಕೆ ಹೊಡೆಯಬಾರದು, ಗುರುಗುಟ್ಟುವುದನ್ನು ಮರೆತ ನಾಯಿ ಮುನ್ಸೂಚನೆಯಿಲ್ಲದೆ ಕಚ್ಚುತ್ತದೆ.

ಆಳವಾದ ಎದೆಯ ದೊಡ್ಡ ತಳಿಗಳಿಗೆ ಊಟದ ಹಿಂದುಮುಂದೆ ಒಂದು ಗಂಟೆಯಾದರೂ ಓಟ ಬೇಡ. ಹೊಟ್ಟೆ ಉಬ್ಬಿ, ವಾಂತಿಗೆ ಎಳೆದರೂ ಏನೂ ಬಾರದಿದ್ದರೆ ಜಠರ ತಿರುಚಿಕೊಂಡಿರಬಹುದು. ಅದು ಸಂಜೆಯವರೆಗೆ ಕಾಯುವ ಕಾಯಿಲೆಯಲ್ಲ, ಕೂಡಲೇ ಪಶುವೈದ್ಯರ ಬಳಿಗೆ ಒಯ್ಯಬೇಕು. ವೈದ್ಯರ ದೂರವಾಣಿ ಸಂಖ್ಯೆಯನ್ನೂ ಚಿಕಿತ್ಸೆಗೆ ನಮ್ಮ ಒಪ್ಪಿಗೆಯನ್ನೂ ಮೊದಲೇ ಬರೆದುಕೊಟ್ಟಿರಬೇಕು. ಜಗಳ ಬಿಡಿಸಹೋಗಿ ಮನುಷ್ಯರಿಗೆ ಹಲ್ಲು ತಾಗಿದರೆ, ಲಸಿಕೆಯಾದ ನಾಯಿಯೇ ಇರಲಿ, ಹರಿಯುವ ನೀರಿನಲ್ಲಿ ಸಾಬೂನು ಹಚ್ಚಿ 15 ನಿಮಿಷ ತೊಳೆದು ಆಸ್ಪತ್ರೆಗೆ ಹೋಗಬೇಕು. ಅರಿಸಿನ, ಸುಣ್ಣ, ಮೆಣಸಿನಪುಡಿ ಹಚ್ಚುವ ಪದ್ಧತಿ ಇನ್ನೂ ನಮ್ಮಲ್ಲಿ ಉಳಿದಿರುವುದು ಖೇದದ ಸಂಗತಿ.

ನಾಯಿಯ ನುಡಿ

ಗಡಿನಾಡಿನ ಮನೆಗಳಿಗೆ ಮಾತ್ರ ಇರುವ ಒಂದು ತೊಡಕನ್ನು ಪ್ರತ್ಯೇಕವಾಗಿ ಹೇಳಬೇಕು. ಕನ್ನಡ ಮನೆಯಲ್ಲಿ ಬೆಳೆದ ನಾಯಿ ಕನ್ನಡದ ಆಜ್ಞೆಗಳನ್ನೇ ಬಲ್ಲದು. ಕಾಸರಗೋಡಿನಲ್ಲಿ, ಹೊಸೂರಿನಲ್ಲಿ ಪಾಲಕರು 'ವಿಡು' ಎಂದರೆ ಅದು ನಮ್ಮ 'ಬಿಡು'ವಿನ ದಾಯಾದಿ ಪದವೆಂದು ಮೇಷ್ಟ್ರುಗಳಾದ ನಾವು ಸಂತೋಷಪಡಬಹುದು, ನಾಯಿ ಭಾಷಾಶಾಸ್ತ್ರ ಓದಿಲ್ಲ. ಮರಾಠಿಯ 'ಬಸ್' ಕೂರಲು ಹೇಳುವ ಮಾತು. ನಮ್ಮ ಮನೆಗಳಲ್ಲಿ ಅದು 'ಸಾಕು'. ಆದ್ದರಿಂದ ಬಾ, ಕೂರು, ನಿಲ್ಲು, ಬಿಡು, ಬೇಡ ಎಂಬ ಐದು ಪದಗಳನ್ನು, ನಾವು ಮನೆಯಲ್ಲಿ ಉಚ್ಚರಿಸುವಂತೆಯೇ, ಪಾಲಕರ ಲಿಪಿಯಲ್ಲಿ ಬರೆದು ಗೋಡೆಗೆ ಅಂಟಿಸಲು ಕೊಡಬೇಕು. ಎರಡು ಲಿಪಿ ಬಲ್ಲ ನಮ್ಮ ಮಕ್ಕಳು ಇದನ್ನು ಐದು ನಿಮಿಷದಲ್ಲಿ ಮಾಡಿಕೊಡುತ್ತಾರೆ. ನಮ್ಮ ಮಗಳು ದೇವನಾಗರಿಯಲ್ಲಿ ಬರೆದ ಹಾಳೆಯ ಕೆಳಗೆ, 'ಬಿಡೋ' ಎಂಬಲ್ಲಿ ಓಕಾರವನ್ನು ಎಳೆಯಬೇಕು ಎಂದೂ ಟಿಪ್ಪಣಿ ಹಾಕಿದ್ದಳು. ಪಾಲಕರ ಧ್ವನಿಯಲ್ಲಿ ಆ ಪದಗಳಿಗೆ ನಾಯಿ ಓಗೊಡುವುದನ್ನು ನಾವು ಎದುರಿಗಿದ್ದು ನೋಡಿದ ಮೇಲೆಯೇ ಹಗ್ಗ ಬಿಚ್ಚಬೇಕು.

ಕಾಲಕ್ರಮ

ಹೋಗಬೇಕಾದ ದಿನಕ್ಕೆ ಮೂರು ನಾಲ್ಕು ವಾರ ಮೊದಲೇ ಆರಂಭಿಸಬೇಕು. ಮೊದಲು ನಾವು ಇದ್ದು ಒಂದು ಗಂಟೆ, ನಂತರ ನಾವಿಲ್ಲದೆ ಎರಡು ಗಂಟೆ, ಅರ್ಧ ದಿನ, ಪೂರ್ಣ ದಿನ; ರಾತ್ರಿಯ ವಾಸ ಎಲ್ಲಕ್ಕಿಂತ ಕೊನೆಗೆ. ದೀಪಾವಳಿಯ ವಾರ, ಸೋಲಾಪುರದಲ್ಲಾದರೆ ಜನವರಿಯ ಸಿದ್ಧರಾಮೇಶ್ವರ ಜಾತ್ರೆಯ ದಿನಗಳು ಆರಂಭಕ್ಕೆ ತಕ್ಕವಲ್ಲ. ಮನೆಗೆ ಬಂದ ನಾಯಿ ಉಂಡು ಗಾಢವಾಗಿ ಮಲಗಿದರೆ ಸರಿ. ಎರಡನೆಯ ದಿನವೂ ಅನ್ನ ಮುಟ್ಟದೆ, ಆ ಓಣಿ ಬಂದಾಗ ಕಾಲೂರಿ ನಿಂತರೆ ಒಂದು ಹೆಜ್ಜೆ ಹಿಂದೆ ಹೋಗಬೇಕು.

ಎಲ್ಲ ನಾಯಿಗಳೂ ಗುಂಪಿಗೆ ಒಗ್ಗುವುದಿಲ್ಲ. ಒಂದೂವರೆ ವರ್ಷ ದಾಟಿದ ಮೇಲೆ ಎಷ್ಟೋ ದೊಡ್ಡ ನಾಯಿಗಳು ಪರಿಚಿತರಲ್ಲದ ನಾಯಿಗಳ ಸಂಗವನ್ನೇ ಬಯಸುವುದಿಲ್ಲ, ಇದು ಬೆಳವಣಿಗೆಯ ಲಕ್ಷಣವೇ ಹೊರತು ಕೆಡುಕಲ್ಲ. ಅಂತಹವಕ್ಕೆ ಪರಿಚಿತರೊಬ್ಬರು ದಿನಕ್ಕೆರಡು ಬಾರಿ ನಮ್ಮ ಮನೆಗೇ ಬಂದು ಅನ್ನ ಹಾಕಿ, ಅಡ್ಡಾಡಿಸಿ ಹೋಗುವ ಏರ್ಪಾಡು ಮೇಲು. ಸರದಾರನಿಗೆ ಈಗ ಮೂರು ವರ್ಷ. ದೊಡ್ಡ ನಾಯಿಗಳೆರಡೇ ಇರುವ ಇನ್ನೊಂದು ಮನೆಗೆ ತಿಂಗಳಿಗೆ ಎರಡು ದಿನ ಹೋಗಿಬರುತ್ತಾನೆ. ಅಲ್ಲಿಯ ಅಡುಗೆಮನೆಯ ಬಾಗಿಲಿಗೆ ಆ ಐದು ಪದಗಳ ಹಾಳೆ ಇನ್ನೂ ಅಂಟಿಕೊಂಡಿದೆ.