ಮುರಿದದ್ದು ಮೂಳೆ, ಕರಗಿದ್ದು ಸ್ನಾಯು

ಕೊರಗುವುದಕ್ಕೂ ಸೊರಗುವುದಕ್ಕೂ ನಮ್ಮ ಮಾತಿನಲ್ಲಿ ಬರಿ ಪ್ರಾಸದ ಸಂಬಂಧವಲ್ಲ. ದೊಡ್ಡ ಕಾಯಿಲೆಯಿಂದಲೋ ಅಪಘಾತದಿಂದಲೋ ಎದ್ದು ಬಂದವರನ್ನು ನೋಡಿ 'ಎಷ್ಟು ಇಳಿದುಹೋಗಿದ್ದಾರೆ' ಎನ್ನುತ್ತೇವೆ. ಊಟ ಸೇರಿರಲಿಕ್ಕಿಲ್ಲ, ಅದಕ್ಕೇ ಎಂದು ಕಾರಣವನ್ನೂ ನಾವೇ ಹೇಳಿಬಿಡುತ್ತೇವೆ. ಆದರೆ ಹೊಟ್ಟೆ ತುಂಬ ಉಂಡು ಮಲಗಿದ್ದವರೂ ಇಳಿದುಹೋಗುತ್ತಾರೆ. ಇದನ್ನು ಲೆಕ್ಕವಿಟ್ಟು ತೋರಿಸಿದ ಡೇವಿಡ್ ಕತ್‌ಬರ್ಟ್‌ಸನ್, ಗ್ಲಾಸ್ಗೋದ ರಾಯಲ್ ಇನ್‌ಫರ್ಮರಿ ಆಸ್ಪತ್ರೆಯಲ್ಲಿದ್ದ ಒಬ್ಬ ತರುಣ ಜೀವರಸಾಯನ ತಜ್ಞ.

ಅವರು ಹೊರಟದ್ದು ಬೇರೆಯದೇ ಪ್ರಶ್ನೆ ಹಿಡಿದು. ಮೊಣಕಾಲಿನ ಕೆಳಗಿನ ದಪ್ಪ ಮೂಳೆ, ಅಂದರೆ ಟಿಬಿಯಾ, ಕೆಳಭಾಗದಲ್ಲಿ ಮುರಿದರೆ ಕೂಡಿಕೊಳ್ಳಲು ಬಹಳ ದಿನ ಹಿಡಿಯುತ್ತದೆ. ಇದು ಯಾಕೆಂಬುದು ಶಸ್ತ್ರವೈದ್ಯರ ತಲೆನೋವಾಗಿತ್ತು. ಮೂಳೆಯ ವಿಷಯವೆಂದಮೇಲೆ ಕ್ಯಾಲ್ಸಿಯಂ, ರಂಜಕಗಳಲ್ಲೇ ಏನೋ ಏರುಪೇರಾಗಿರಬೇಕು ಎಂದು ರೋಗಿಗಳ ಮೂತ್ರವನ್ನು ದಿನದಿನವೂ ಶೇಖರಿಸಿ ಅಳೆಯತೊಡಗಿದರು. ಕಣ್ಣಿಗೆ ಹೊಡೆದು ಕಂಡದ್ದು ಮಾತ್ರ ಸಾರಜನಕ. ಪೆಟ್ಟಾದ ಕೆಲವು ದಿನಗಳಲ್ಲಿ ಅದು ಏರುತ್ತ ಹೋಗಿ, ವಾರದ ಆಸುಪಾಸಿನಲ್ಲಿ ತುದಿ ಮುಟ್ಟಿ, ಮತ್ತೆ ನಿಧಾನಕ್ಕೆ ಇಳಿಯುತ್ತಿತ್ತು. 1930 ಮತ್ತು 1932ರಲ್ಲಿ ಈ ಫಲಿತಾಂಶಗಳು ಪ್ರಕಟವಾದವು.

ಮೂತ್ರದಲ್ಲಿ ಸಾರಜನಕ ಹೆಚ್ಚಾದರೆ ಆಗುವುದಾದರೂ ಏನು? ನಮ್ಮ ದೇಹದ ಸಾರಜನಕದ ಬಹುಪಾಲು ಇರುವುದು ಪ್ರೋಟೀನಿನಲ್ಲಿ. ಪ್ರೋಟೀನ್ ಒಡೆದರೆ ಅಮೈನೋ ಆಮ್ಲ. ಅಮೈನೋ ಆಮ್ಲವನ್ನು ಉರಿಸಿದರೆ ಉಳಿಯುವ ಸಾರಜನಕ ಯೂರಿಯಾ ಆಗಿ ಹೊರಗೆ. ತಿಂದದ್ದಕ್ಕಿಂತ ದಿನಕ್ಕೆ 10 ಗ್ರಾಂ ಸಾರಜನಕ ಹೆಚ್ಚಾಗಿ ಹೋಯಿತೆಂದರೆ 60 ಗ್ರಾಂಗೂ ಮೀರಿ ಪ್ರೋಟೀನ್ ಹೋಯಿತೆಂದು ಲೆಕ್ಕ. ಸ್ನಾಯುವಿನ ತೂಕದಲ್ಲಿ ಹೇಳುವುದಾದರೆ ಸುಮಾರು 300 ಗ್ರಾಂ. ಅದೂ ಒಂದೇ ದಿನಕ್ಕೆ.

ಮಲಗಿದ್ದರಿಂದ ಹೀಗಾಯಿತೇ? ಆರೋಗ್ಯವಂತರನ್ನು ಮಲಗಿಸಿ ಕತ್‌ಬರ್ಟ್‌ಸನ್ ಅದನ್ನೂ ಅಳೆದಿದ್ದರು. ನಷ್ಟವಿತ್ತು, ಆದರೆ ಇಷ್ಟಲ್ಲ. ಪೆಟ್ಟಾದ ಜಾಗದ ಮಾಂಸವಷ್ಟೇ ಕೊಳೆತು ಹೋಯಿತೇ? ಅಷ್ಟು ಸಾರಜನಕ ಆ ಒಂದು ಜಾಗದಿಂದ ಬರುವಂತಿರಲಿಲ್ಲ. ಜೊತೆಯಲ್ಲಿ ಹೋಗುತ್ತಿದ್ದ ಗಂಧಕದ ಪ್ರಮಾಣವನ್ನು ನೋಡಿದರೆ ಮೈತುಂಬ ಇರುವ ಸ್ನಾಯುಗಳೇ ಕರಗುತ್ತಿರುವಂತಿತ್ತು. ಪ್ರೋಟೀನೂ ಶಕ್ತಿಯೂ ಧಾರಾಳವಾಗಿರುವ ಊಟ ಕೊಟ್ಟು ನೋಡಿದರು. ನಷ್ಟ ಕಡಿಮೆಯಾಯಿತೇ ಹೊರತು ಪೂರ್ತಿ ನಿಲ್ಲಲಿಲ್ಲ. ನನಗೆ ಈ ಕಥೆಯಲ್ಲಿ ಎಲ್ಲಕ್ಕಿಂತ ಮುಖ್ಯವಾಗಿ ಕಾಣುವುದು ಇದೇ. ಹಸಿವಿನ ಸವೆತಕ್ಕೆ ಅನ್ನ ಮದ್ದು, ಪೆಟ್ಟಿನ ಸವೆತಕ್ಕೆ ಅನ್ನವೊಂದೇ ಸಾಲದು. ಯಾರೋ ಒಳಗಿನಿಂದ ಅಪ್ಪಣೆ ಕೊಟ್ಟು ಖರ್ಚು ಮಾಡಿಸುತ್ತಿರುವ ಹಾಗೆ.

ಮುಂದೆ, 1943ರಲ್ಲಿ, ಮನ್ರೋ ಎಂಬ ಸಹೋದ್ಯೋಗಿಯ ಜೊತೆ ಅವರು ಇಲಿಗಳ ಮೇಲೆ ಮಾಡಿದ ಪ್ರಯೋಗ ಇನ್ನೂ ಕಾಡುತ್ತದೆ. ಪ್ರೋಟೀನ್ ಇಲ್ಲದ ಆಹಾರ ತಿಂದು ಮೊದಲೇ ಬಡವಾಗಿದ್ದ ಇಲಿಗಳಲ್ಲಿ ಪೆಟ್ಟಾದರೂ ಸಾರಜನಕ ಏರಲೇ ಇಲ್ಲ. ಖರ್ಚು ಮಾಡಲು ಗಂಟಿನಲ್ಲಿ ಏನೂ ಇರಲಿಲ್ಲ.

ಅಪ್ಪಣೆ ಕೊಡುತ್ತಿದ್ದವರು ಯಾರು? ಉತ್ತರದ ಚೂರುಗಳು ಬೇರೆ ಬೇರೆ ಊರುಗಳಲ್ಲಿ ಸಿಕ್ಕವು. 1932ರಲ್ಲೇ ಅಮೆರಿಕದ ಹಾರ್ವಿ ಕುಶಿಂಗ್ ಒಂದು ವಿಚಿತ್ರ ಕಾಯಿಲೆಯನ್ನು ವಿವರಿಸಿದ್ದರು: ಮುಖ ದುಂಡಗೆ, ಹೊಟ್ಟೆ ದಪ್ಪ, ಕೈಕಾಲು ಮಾತ್ರ ಸಣ್ಣ, ಚರ್ಮ ತೆಳು. 1936ರಲ್ಲಿ ಮಾಂಟ್ರಿಯಲ್‌ನ ಹಾನ್ಸ್ ಸೆಲ್ಯೆ, ಇಲಿಗೆ ಯಾವ ಬಗೆಯ ಹಿಂಸೆ ಕೊಟ್ಟರೂ ಅದರ ಮೂತ್ರಪಿಂಡದ ನೆತ್ತಿಯ ಅಡ್ರಿನಲ್ ಗ್ರಂಥಿ ಊದುತ್ತದೆ ಎಂದರು. 1940ರಲ್ಲಿ ಯೇಲ್ ವಿಶ್ವವಿದ್ಯಾಲಯದ ಲಾಂಗ್ ಮತ್ತು ಸಂಗಡಿಗರು ಆ ಗ್ರಂಥಿಯ ಹೊರಪದರದ ಸಾರವನ್ನು ಉಪವಾಸವಿದ್ದ ಇಲಿಗಳಿಗೆ ಕೊಟ್ಟಾಗ ಪಿತ್ತಜನಕಾಂಗದಲ್ಲಿ ಗ್ಲೈಕೋಜನ್ ತುಂಬಿತು, ಮೂತ್ರದಲ್ಲಿ ಸಾರಜನಕ ಹೆಚ್ಚಿತು. ಪ್ರೋಟೀನಿನಿಂದ ಸಕ್ಕರೆ! ಆ ಸಾರದಲ್ಲಿ ಕೆಲಸ ಮಾಡುತ್ತಿದ್ದದ್ದು ಈಗ ನಾವು ಕಾರ್ಟಿಸಾಲ್ ಎಂದು ಕರೆಯುವ ಹಾರ್ಮೋನಿನ ಬಳಗ.

ಇಂದು ಆ ದಾರಿ ಸಾಕಷ್ಟು ಸ್ಪಷ್ಟವಾಗಿದೆ. ಕಾರ್ಟಿಸಾಲ್ ಹೆಚ್ಚಾದಾಗ ಸ್ನಾಯು ತನ್ನ ಪ್ರೋಟೀನನ್ನು ಒಡೆದು ಅಮೈನೋ ಆಮ್ಲಗಳನ್ನು ರಕ್ತಕ್ಕೆ ಬಿಡುತ್ತದೆ. ಅದರಲ್ಲಿ ದೊಡ್ಡ ಪಾಲು ಅಲನೀನ್ ಮತ್ತು ಗ್ಲುಟಮೀನ್‌ನದು. ಗ್ಲೂಕಗಾನ್‌ನ ಒತ್ತಾಸೆಯಿಂದ ಪಿತ್ತಜನಕಾಂಗ ಅಲನೀನನ್ನು ಹಿಡಿದುಕೊಂಡು ಗ್ಲೂಕೋಸ್ ಮಾಡುತ್ತದೆ. ಗ್ಲುಟಮೀನ್ ಕರುಳಿಗೆ, ಸೋಂಕಿನ ವಿರುದ್ಧ ಹೋರಾಡುವ ಕಣಗಳಿಗೆ ಉರುವಲು. ಉಳಿದವುಗಳಿಂದ ಗಾಯ ಮಾಯಲು ಬೇಕಾದ ಹೊಸ ಪ್ರೋಟೀನುಗಳು. ತೊಡೆಯ ಮಾಂಸವನ್ನು ಅಡವಿಟ್ಟು ಮೆದುಳನ್ನೂ ಗಾಯವನ್ನೂ ಸಾಕುವ ಏರ್ಪಾಡು ಇದು. ಕೆಲವು ದಿನಗಳ ಮಟ್ಟಿಗೆ ಬುದ್ಧಿವಂತಿಕೆಯೇ. ತೀವ್ರ ನಿಗಾ ಘಟಕದಲ್ಲಿ ವಾರಗಟ್ಟಲೆ ಮಲಗಿದವರಿಗೆ ಮಾತ್ರ ಉಸಿರಾಟದ ಸ್ನಾಯುಗಳೂ ಈ ಅಡವಿನ ಪಟ್ಟಿಯಲ್ಲಿ ಸೇರಿರುತ್ತವೆ.

ಸೆಲ್ಯೆ ಜನಪ್ರಿಯಗೊಳಿಸಿದ 'ಸ್ಟ್ರೆಸ್' ಎಂಬ ಪದದ ಬಗ್ಗೆ ನನ್ನದೊಂದು ತಕರಾರಿದೆ. ಮುರಿದ ಕಾಲಿಗೂ ಪರೀಕ್ಷೆಯ ಭಯಕ್ಕೂ ಒಂದೇ ಹೆಸರು ಕೊಟ್ಟು, ಎರಡರ ಪ್ರಮಾಣವೂ ಒಂದೇ ಎಂಬ ಭ್ರಮೆಯನ್ನು ಅದು ಹುಟ್ಟಿಸಿದೆ. 1966ರಲ್ಲಿ ಸ್ಕ್ರಿಮ್‌ಶಾ ಎಂಬ ಪೋಷಣಾ ವಿಜ್ಞಾನಿ ತರುಣರನ್ನು ನಿದ್ದೆಗೆಡಿಸಿ ಅಳೆದಾಗ ಸಾರಜನಕ ಏರಿತ್ತು, ನಿಜ. ಆದರೆ ಏರಿದ್ದು ತುಸುವೇ. 'ಕಾರ್ಟಿಸಾಲ್ ಇಳಿಸುವ' ಪುಡಿ ಮಾರುವವರು ಈ 'ತುಸು'ವನ್ನು ಹೇಳುವುದಿಲ್ಲ.

ಹಾಗಾದರೆ ಕಾರ್ಟಿಸಾಲ್ ಒಂದೇ ಅಪರಾಧಿಯೇ? 1984ರಲ್ಲಿ ಬಾಸ್ಟನ್‌ನಲ್ಲಿ ಬೆಸಿ, ವಿಲ್ಮೋರ್ ಮೊದಲಾದವರು ಆರೋಗ್ಯವಂತ ಸ್ವಯಂಸೇವಕರ ರಕ್ತನಾಳಕ್ಕೆ ಕಾರ್ಟಿಸಾಲ್, ಗ್ಲೂಕಗಾನ್, ಅಡ್ರಿನಲಿನ್ ಮೂರನ್ನೂ ಒಟ್ಟಿಗೆ ಸುಮಾರು ಮೂರು ದಿನ ಹರಿಸಿದರು. ಗಾಯವೇ ಇಲ್ಲದೆ ಗಾಯಾಳುವಿನ ಲಕ್ಷಣಗಳು ಬಂದವು: ಸಾರಜನಕದ ನಷ್ಟ, ಹೆಚ್ಚಿದ ಶಕ್ತಿವ್ಯಯ, ಇನ್ಸುಲಿನ್‌ಗೆ ಬಗ್ಗದ ಸಕ್ಕರೆ. ಗ್ಲಾಸ್ಗೋದ ಮೂತ್ರದ ಬಾಟಲಿಗಳಿಂದ ಇಲ್ಲಿಗೆ ಬರಲು ಅರ್ಧ ಶತಮಾನಕ್ಕೂ ಹೆಚ್ಚು ಬೇಕಾಯಿತು. ಆದರೂ ಭಾರಿ ಗಾಯದಲ್ಲಾಗುವಷ್ಟು ನಷ್ಟವನ್ನು ಈ ಮೂರು ಹಾರ್ಮೋನುಗಳು ತರಲಿಲ್ಲ. ಉರಿಯೂತದ ಕಣಗಳು ಸೂಸುವ ಸೈಟೊಕೈನ್‌ಗಳೂ ಇದರಲ್ಲಿ ಪಾಲುದಾರರೆಂಬುದು ಆಮೇಲೆ ಗಟ್ಟಿಯಾಯಿತು.

ಕತ್‌ಬರ್ಟ್‌ಸನ್ 1989ರಲ್ಲಿ ತೀರಿಕೊಂಡರು. 2001ರಲ್ಲಿ ಅಮೆರಿಕದ ಗ್ಯಾಲ್ವೆಸ್ಟನ್‌ನಲ್ಲಿ ಹರ್ನ್‌ಡನ್ ಮತ್ತು ಸಂಗಡಿಗರು ತೀವ್ರ ಸುಟ್ಟಗಾಯಗಳಾಗಿದ್ದ 25 ಮಕ್ಕಳಲ್ಲಿ 13 ಮಂದಿಗೆ ಪ್ರೊಪ್ರನೊಲಾಲ್ ಕೊಟ್ಟರು. ಹೃದ್ರೋಗಕ್ಕೆಂದು ಬಳಕೆಗೆ ಬಂದ, ಅಡ್ರಿನಲಿನ್‌ನ ಮಾತು ಕೇಳದಂತೆ ತಡೆಯುವ ಹಳೆಯ ಮಾತ್ರೆ ಅದು. ಆ ಮಕ್ಕಳ ಸ್ನಾಯು ಕರಗುವುದು ನಿಂತು, ಮತ್ತೆ ಕೂಡಿಕೊಳ್ಳತೊಡಗಿತು.