ಅಳತೆಗೆ ಹುಟ್ಟಿದ ಮೈಕ್
ಕಂಡೆನ್ಸರ್ ಮೈಕ್ ಹುಟ್ಟಿದ್ದು ಹಾಡಿಗಾಗಿ ಅಲ್ಲ, ಅಳತೆಗಾಗಿ. 1917ರಲ್ಲಿ ಅಮೆರಿಕದ ಇ. ಸಿ. ವೆಂಟೆ ಅದನ್ನು ಶಬ್ದದ ತೀವ್ರತೆ ಅಳೆಯುವ ಉಪಕರಣವೆಂದೇ ಪರಿಚಯಿಸಿದರು. ದನಿಗೆ ಕಂಪಿಸುವ ತೆಳು ಪೊರೆ, ಅದರ ಹಿಂದೊಂದು ಲೋಹದ ತಟ್ಟೆ. ನಡುವಿನ ಅಂತರ ಬದಲಾದಂತೆ ವಿದ್ಯುತ್ ಸಂಕೇತ ಹುಟ್ಟುತ್ತದೆ. ಆದರೆ ಆ ಸಂಕೇತ ಕೆಲವು ಅಡಿ ತಂತಿಯಲ್ಲೇ ಸೊರಗುತ್ತದೆ. ಹಾಗಾಗಿ ವಾಲ್ವನ್ನು ಪೊರೆಯ ಪಕ್ಕದಲ್ಲೇ ಕೂರಿಸಬೇಕಾಯಿತು.

ವಾಲ್ವಿನಾಚೆ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್. ಅದು ವೋಲ್ಟೇಜ್ ತಗ್ಗಿಸಿ ಸಂಕೇತವನ್ನು ಉದ್ದ ಕೇಬಲ್‌ಗೆ ಒಗ್ಗಿಸುತ್ತದೆ. ಎರಡೂ ತಂತಿಗಳಿಗೆ ಸಮನಾಗಿ ನುಸುಳಿದ ಗುಂಯ್‌ಗುಡುವ ಸದ್ದು ಕೊನೆಯಲ್ಲಿ ಕಳೆದುಹೋಗುವಂತೆ ಮಾಡುತ್ತದೆ. 1949ರ ಜರ್ಮನಿಯ ನಾಯ್ಮನ್ ಯು47ರಲ್ಲೂ ಇದೇ ಜೋಡಣೆ.

ಮುಂದೆ ಟ್ರಾನ್ಸಿಸ್ಟರ್ ಸರ್ಕ್ಯೂಟ್‌ಗಳು ಈ ಕಬ್ಬಿಣವಿಲ್ಲದೆಯೂ ಕೆಲಸ ಮಾಡಿ ತೋರಿಸಿದವು. ಆದರೂ ಮನೆಯಲ್ಲಿ ಮೈಕ್ ಕಟ್ಟುವ ಹಲವರು ಇಂದಿಗೂ ಟ್ರಾನ್ಸ್‌ಫಾರ್ಮರನ್ನೇ ಬಯಸುತ್ತಾರೆ. ಅದು ಮಂದ್ರ ಸ್ವರಗಳಿಗೆ ತುಸು ತನ್ನ ಬಣ್ಣ ಬೆರೆಸುತ್ತದೆ. ಅಳತೆಗಾರನಿಗೆ ಅದು ದೋಷ. ಹಳೆಯ ಧ್ವನಿಮುದ್ರಣಗಳಲ್ಲಿ ನಾವು ‘ಬೆಚ್ಚಗಿನ ದನಿ’ ಎಂದು ಮೆಚ್ಚುವುದರಲ್ಲಿ ಆ ದೋಷದ ಪಾಲೂ ಇದೆ.